ಬಾವಿ ನೀರು: ಕ್ಯಾಂಡಲ್ ತಡೆಯದ ನೈಟ್ರೇಟ್

ಬೆಳೆಗಾರ ಬಂಧುಗಳ ಮನೆಗಳಲ್ಲಿ ಪಿಂಗಾಣಿ ಕ್ಯಾಂಡಲಿನ ಫಿಲ್ಟರ್ ರೂಢಿಯಲ್ಲಿದೆ. ಅದು ಕೆಸರನ್ನೂ ಬಹುಪಾಲು ರೋಗಾಣುಗಳನ್ನೂ ತಡೆಯುತ್ತದೆ, ನಿಜ. ಆದರೆ ಯೂರಿಯಾ, ಕೊಟ್ಟಿಗೆ ಗೊಬ್ಬರಗಳಿಂದ ಬಾವಿಗಿಳಿಯುವ ನೈಟ್ರೇಟ್ ನೀರಿನಲ್ಲಿ ಕರಗಿರುವುದರಿಂದ ಕ್ಯಾಂಡಲನ್ನು ಸಲೀಸಾಗಿ ದಾಟುತ್ತದೆ. ಕುದಿಸಿದರೂ ಹೋಗದು, ನೀರು ಬತ್ತಿದಷ್ಟೂ ಗಾಢವಾಗುತ್ತದೆ.

ನ್ಯಾನೋ ಪೊರೆಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶವಿರುತ್ತದೆ. ಅದು ಋಣ ಕಣಗಳನ್ನು ಹಿಂದಕ್ಕೆ ತಳ್ಳುತ್ತದೆ. ಎರಡು ಋಣಾಂಶಗಳುಳ್ಳ ಸಲ್ಫೇಟ್ ಬಹುಮಟ್ಟಿಗೆ ಹೊರಗೇ ನಿಲ್ಲುತ್ತದೆ. ಒಂದೇ ಇರುವ ನೈಟ್ರೇಟ್ ಸಾಕಷ್ಟು ನುಸುಳಿಬಿಡುತ್ತದೆ. ಆದ್ದರಿಂದ ಅಂಗಡಿಯವರು ‘ಪೊರೆ’ ಎಂದಷ್ಟಕ್ಕೇ ನಂಬದೆ, ಆರ್.ಓ. ಪೊರೆಯನ್ನೋ ಅಯಾನು ವಿನಿಮಯ ರಾಳವನ್ನೋ ಕೇಳಿ ಪಡೆಯಬೇಕು.

ಭಾರತೀಯ ಮಾನಕದಂತೆ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದರೆ ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳಬಹುದು. ಹಾಲಿನಪುಡಿ ಕಲಸಿ ಕುಡಿಸುವ ಮನೆಯವರು ಮೊದಲು ಬಾವಿ ನೀರಿನ ಪರೀಕ್ಷೆ ಮಾಡಿಸಬೇಕೆಂದು ನಾವು ಕೋರುತ್ತೇವೆ.