ಹನಿಗೂಡಿಸುವ ನಾರು

ಮಕ್ಕಳೇ, ಹೊಸಪೇಟೆ ಸಮೀಪದ ಮಲಪನಗುಡಿಯ ಕಡೆ ಕಬ್ಬು, ಭತ್ತ ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ನೋಡಿದ್ದೀರಲ್ಲವೇ? ಕೆಲವು ಚಾಲಕರು ಬೆಳಿಗ್ಗೆ ಎಂಜಿನ್ ಚಾಲು ಮಾಡುವ ಮೊದಲು ಡೀಸೆಲ್ ಫಿಲ್ಟರಿನ ತಳದ ತಿರುಪನ್ನು ಸಡಿಲಿಸುತ್ತಾರೆ. ಆಗ ಅಲ್ಲಿ ನಿಂತಿದ್ದ ನೀರು ಹೊರಬರುತ್ತದೆ. ಡೀಸೆಲಿಗೆ ನೀರು ಹಾಕಿದವರು ಯಾರು?

ಯಾರೂ ಹಾಕಿಲ್ಲ! ಟ್ಯಾಂಕು ಅರ್ಧ ಖಾಲಿಯಾದರೆ ಆ ಜಾಗದಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ನೀರಾವಿ ಇರುತ್ತದೆ. ರಾತ್ರಿ ಟ್ಯಾಂಕು ತಣ್ಣಗಾದಾಗ ಆವಿಯು ಇಬ್ಬನಿಯಂತೆ ಒಳಗೋಡೆಗೆ ಕಟ್ಟಿ, ಡೀಸೆಲಿಗೆ ಇಳಿಯುತ್ತದೆ.

ನೀರಿದ್ದರೆ ಏನು ತೊಂದರೆ?

ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ಭಾಗಕ್ಕೆ ಇಂಜೆಕ್ಟರ್ ಎನ್ನುತ್ತಾರೆ. ಅದರೊಳಗಿನ ಸಂದುಗಳು ನಮ್ಮ ಕೂದಲಿಗಿಂತಲೂ ಕಿರಿದು. ನೀರು ಸೇರಿದರೆ ಅಲ್ಲಿ ತುಕ್ಕು ಹಿಡಿಯುತ್ತದೆ, ಇಂಜೆಕ್ಟರ್ ಕೆಡುತ್ತದೆ. ಸುಗ್ಗಿಯ ದಿನಗಳಲ್ಲಿ ಟ್ರ್ಯಾಕ್ಟರ್ ನಿಂತರೆ ರೈತರ ಗತಿಯೇನು?

ಸಣ್ಣ ಹನಿ, ನಿಧಾನ ಪಯಣ

ನೀರು ಡೀಸೆಲಿಗಿಂತ ಸಾಂದ್ರ. ಆದ್ದರಿಂದ ತಳಕ್ಕೆ ಇಳಿಯುತ್ತದೆ. ಆದರೆ ಮಿಲಿಮೀಟರಿನ 100ನೇ ಒಂದು ಭಾಗದಷ್ಟು ಅಗಲದ ಹನಿಯು ಅಲುಗಾಡದ ಡೀಸೆಲಿನಲ್ಲಿ ಗಂಟೆಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಹನಿಯ ಅಗಲ 10 ಪಟ್ಟಾದರೆ ವೇಗ 100 ಪಟ್ಟು! ಅಂದರೆ ಗಂಟೆಗೆ ಸುಮಾರು 1 ಮೀಟರ್. ಹಾಗಾದರೆ ಉಪಾಯ ಹೊಳೆಯಿತೇ? ಸಣ್ಣ ಹನಿಗಳನ್ನು ಕೂಡಿಸಿ ದೊಡ್ಡದು ಮಾಡಬೇಕು.

ನಾರಿನ ಕೆಲಸ

ಚಹಾ ಸೋಸುವ ಜಾಲರಿಯು ತನ್ನ ತೂತಿಗಿಂತ ದೊಡ್ಡದಾದ ಪುಡಿಯನ್ನು ತಡೆಯುತ್ತದೆ. ನಾರಿನ ಫಿಲ್ಟರಿನ ರೀತಿ ಬೇರೆ. ಅದರಲ್ಲಿ ಗಾಜಿನ ಅಥವಾ ಬೇರೆ ವಸ್ತುವಿನ ತೆಳು ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಡೀಸೆಲ್ ಅವುಗಳ ನಡುವೆ ನುಸುಳುವಾಗ ನೀರಿನ ಹನಿಯೊಂದು ಎಳೆಗೆ ಅಂಟುತ್ತದೆ. ಹಿಂದೆ ಬಂದ ಹನಿ ಅದಕ್ಕೆ ಕೂಡಿಕೊಳ್ಳುತ್ತದೆ. ಹೀಗೆ ದಪ್ಪಗಾದ ಹನಿಯನ್ನು ಡೀಸೆಲಿನ ಹರಿವು ಎಳೆಯಿಂದ ಕಳಚುತ್ತದೆ. ಅದು ಬೇಗನೆ ತಳದ ಬಟ್ಟಲಿಗೆ ಬೀಳುತ್ತದೆ.

ವಿಮಾನಗಳು ಹಾರುವ ಎತ್ತರದಲ್ಲಿ ಕೊರೆಯುವ ಚಳಿ. ಇಂಧನದಲ್ಲಿ ನೀರಿದ್ದರೆ ಮಂಜುಗಡ್ಡೆಯಾಗಿ ಕೊಳವೆ ಕಟ್ಟಬಹುದು. ಆದ್ದರಿಂದ ವಿಮಾನಕ್ಕೆ ತುಂಬುವ ಇಂಧನವನ್ನೂ ಇಂಥ ಫಿಲ್ಟರುಗಳಲ್ಲಿ ಹಾಯಿಸುತ್ತಾರೆ.

ಮಾಡಿ ನೋಡಿ

ಎರಡು ಪಾರದರ್ಶಕ ಬಾಟಲಿಗಳಿಗೆ ಅರ್ಧದಷ್ಟು ಅಡುಗೆ ಎಣ್ಣೆ ಹಾಕಿ. ಎರಡಕ್ಕೂ ಒಂದೊಂದು ಚಮಚ ಶಾಯಿ ಬೆರೆಸಿದ ನೀರು ಸೇರಿಸಿ, ಮುಚ್ಚಳ ಬಿಗಿಯಿರಿ. ಒಂದನ್ನು ಮೆಲ್ಲಗೆ 2 ಸಲ, ಇನ್ನೊಂದನ್ನು ಜೋರಾಗಿ 50 ಸಲ ಕುಲುಕಿ ಇಡಿ. ಯಾವ ಬಾಟಲಿಯ ಎಣ್ಣೆ ಮೊದಲು ತಿಳಿಯಾಯಿತು? ಹನಿಗಳ ಗಾತ್ರ ಗಮನಿಸಿ.

ಎಚ್ಚರಿಕೆ: ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಬಳಸಬೇಡಿ.

ಯೋಚಿಸಿ, ಉತ್ತರಿಸಿ

1. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕನ್ನು ತುಂಬಿಸಿ ಇಡುವುದು ಒಳ್ಳೆಯದು. ಏಕೆ?
2. ನೀರು ಬಿಡುವ ತಿರುಪು ಫಿಲ್ಟರಿನ ತಳದಲ್ಲೇ ಏಕಿದೆ?