ಅರಿಸಿನದ ಎಲೆ ಬಾಡಿದರೆ ಬುಡ ನೋಡಿ

ಮಳೆಗಾಲ ಬಲಿತೊಡನೆ ತಾಳವಾಡಿ ಸೀಮೆಯ ಅರಿಸಿನದ ಹೊಲಗಳಲ್ಲಿ ಎಲೆಯಂಚು ಹಳದಿಗೆ ತಿರುಗಿ ಒಣಗುವುದುಂಟು. ಕಂಡ ಕೂಡಲೇ ನೀರು ಸಾಲದೆಂದು ಬಗೆದು ಮತ್ತಷ್ಟು ಹಾಯಿಸುತ್ತೇವೆ. ಬೆಳೆ ಕೆಡುವುದು ಬಹುಮಟ್ಟಿಗೆ ಅಲ್ಲಿಯೇ.

ನೀರಿನ ಕೊರತೆಯಾದರೆ ನಡುಹಗಲಿನಲ್ಲಿ ಸುರುಳಿಗೊಂಡ ಎಲೆ ಮುಂಜಾನೆಗೆ ಬಿಚ್ಚಿಕೊಂಡಿರುತ್ತದೆ. ನಡುವಿನ ಸುಳಿ ಮಾತ್ರ ಒಣಗಿ, ಕಾಂಡದಲ್ಲಿ ತೂತೂ ಹಿಕ್ಕೆಯೂ ಕಂಡರೆ ಅದು ಕಾಂಡಕೊರಕ ಹುಳು. ಕೆಳಗಿನ ಎಲೆಗಳಿಂದ ಒಣಗುತ್ತ ಬಂದು, ಬುಡ ನೀರು ಕುಡಿದಂತೆ ಮೆತ್ತಗಾಗಿ, ಹಿಡಿದೆಳೆದರೆ ಗಿಡ ಸಲೀಸಾಗಿ ಕಿತ್ತು ಬಂದರೆ ಗೆಡ್ಡೆ ಕೊಳೆರೋಗವೆಂದು ತಿಳಿಯತಕ್ಕದ್ದು. ಇದು ಪಿಥಿಯಂ ಎಂಬ ಬೂಷ್ಟಿನ ಕೆಲಸ; ನೀರೇ ಅದಕ್ಕೆ ವಾಹನ.

ಮೊದಲು ನೀರು ನಿಲ್ಲಿಸಿ ಬಸಿಗಾಲುವೆ ತೆಗೆಯಬೇಕು. ಕೊಳೆತ ಬುಡವನ್ನು ಸುತ್ತಲಿನ ಮಣ್ಣುಸಹಿತ ಕಿತ್ತು ದೂರದಲ್ಲಿ ಸುಡಬೇಕು. ಹಳ್ಳಕ್ಕೆ ಎಸೆಯುವವರು ರೋಗವನ್ನು ಕೆಳಗಿನ ಹೊಲದವರಿಗೆ ಕಳಿಸಿದಂತೆಯೇ! ಬಳಿಕ ಲೀಟರು ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಕಲಸಿ ಆ ಗುಂಡಿಗೂ ನೆರೆಯ ಗಿಡಗಳ ಬುಡಕ್ಕೂ ಹೊಯ್ಯಬೇಕು. ಕೊಳೆತ ಗೆಡ್ಡೆಯನ್ನು ಯಾವ ಮದ್ದೂ ಬದುಕಿಸದು; ಮದ್ದು ಉಳಿದವುಗಳಿಗೆ.

ರೋಗ ಹಲವು ವೇಳೆ ಬಿತ್ತನೆಯೊಡನೆಯೇ ಹೊಲ ಹೊಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕಂಡಕಂಡವರ ಗೆಡ್ಡೆ ತರುವುದು ನಮಗೆ ಸರಿದೋರದು. ರೋಗವಿಲ್ಲದ ಹೊಲದ ಗೆಡ್ಡೆಯನ್ನಾರಿಸಿ, ಅದೇ ಪ್ರಮಾಣದ ಮದ್ದಿನ ನೀರಿನಲ್ಲಿ 30 ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿ ಏರುಮಡಿಯಲ್ಲಿ ನೆಡುವುದು ಒಳಿತು. ಈರೋಡು ಅರಿಸಿನಕ್ಕೆ 2019ರಲ್ಲಿ ಭೌಗೋಳಿಕ ಗುರುತು ದೊರೆತು ಹೆಸರು ಬಂದಿದೆ ನಿಜ, ಆದರೆ ಮೆತ್ತಗಾದ ಗೆಡ್ಡೆಯನ್ನು ಪೇಟೆಯಲ್ಲಿ ಯಾರೂ ಹೆಸರು ನೋಡಿ ಕೊಳ್ಳುವುದಿಲ್ಲ. ರೋಗ ಬಿದ್ದ ಹೊಲಕ್ಕೆ ಮರುವರ್ಷ ಅರಿಸಿನ ಬೇಡ, ಶುಂಠಿಯೂ ಬೇಡ, ರಾಗಿ ಹಾಕಬಹುದು.