ಲಕ್ಷಕ್ಕೆ ತಿಂಗಳಿಗೆ 917

ಪಿಂಚಣಿಗೆ ಬಂದ ಸೈನಿಕನ ಖಾತೆಗೆ ಕಮ್ಯುಟೇಶನ್ ದುಡ್ಡು ಜಮಾ ಆಯಿತೆಂದರೆ ನಮ್ಮ ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ 'ಇಡಿಗಂಟು ಬಂತಂತ' ಎಂದು ಸಂಜೆಯೊಳಗೆ ಸುದ್ದಿಯಾಗುತ್ತದೆ. ಆ ಗಂಟು ಯಾರೂ ಕೊಟ್ಟ ಇನಾಮಲ್ಲ. ಮುಂದಿನ 15 ವರ್ಷದ ಅರ್ಧ ಪಿಂಚಣಿಯನ್ನು ಮಾರಿ ಅವನು ತಂದ ದುಡ್ಡು. ನಮ್ಮಣ್ಣ 2018ರಲ್ಲಿ ಹಾಗೆ ಮಾರಿದ, ಮನೆಗಾಗಿ.

1999ರಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿ ಸೇರಿದವನು. ನಾನು ಬಿ.ಕಾಂ. ಓದಿದ್ದು ಅವನು ಕಾಶ್ಮೀರದಿಂದ ಕಳಿಸುತ್ತಿದ್ದ ಮನಿಆರ್ಡರಿನಲ್ಲಿ. ಹವಾಲ್ದಾರನಿಗೆ 24 ವರ್ಷ ಸರ್ವಿಸ್ ಇರುತ್ತದೆ. ಅಪ್ಪನಿಗೆ ಲಕ್ವ ಹೊಡೆದದ್ದರಿಂದ 19ಕ್ಕೇ ಬಿಡುಗಡೆ ಕೇಳಿ ಬಂದುಬಿಟ್ಟ. ನಾಯಬ್ ಸುಬೇದಾರ್ ಬಡ್ತಿಯ ಆಸೆ ಅಲ್ಲಿಗೆ ಮುಗಿಯಿತು. ತಾನಾಗಿ ಕೇಳಿ ಹೊರಬಂದವರಿಗೆ ಒನ್ ರ್ಯಾಂಕ್ ಒನ್ ಪೆನ್ಷನ್ ಇಲ್ಲವೆಂದು 2015ರ ನವೆಂಬರ್ ಆದೇಶದಲ್ಲೇ ಇತ್ತು. ಅದು ಗೊತ್ತಿದ್ದೂ ಬಂದ. ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆದ ಕಪ್ಪು ಟ್ರಂಕನ್ನು ಪಡಸಾಲೆಯಲ್ಲಿಟ್ಟು ಮೊದಲು ಕೇಳಿದ್ದು ಅಪ್ಪನ ಸಾಲದ ಚೀಟಿಗಳನ್ನು. "ಸಾಲ ತೀರಿದ್ರ ಸಾಕವಾ, ತಿಂಗಳಾ ತಿಂಗಳಾ ನನಗೆಷ್ಟು ಬೇಕು" ಎಂದು ಫಾರ್ಮಿನಲ್ಲಿ ಶೇ 50 ಎಂದೇ ಬರೆದ.

ಈಗ ಲೆಕ್ಕಕ್ಕೆ ಬರೋಣ. ಕೊನೆಯ ಬೇಸಿಕ್‌ಗೆ ಎಂಎಸ್‌ಪಿ (ಮಿಲಿಟರಿ ಸರ್ವಿಸ್ ಪೇ) 5,200 ಸೇರಿ ಅರ್ಧ ಮಾಡಿದಾಗ ಅವನ ಪಿಂಚಣಿ 20,000ದ ಆಸುಪಾಸು. 20,000 ಎಂದೇ ಇಟ್ಟುಕೊಳ್ಳಿ. ಮಾರಿದ್ದು 10,000. ಮುಂದಿನ ಹುಟ್ಟುಹಬ್ಬಕ್ಕೆ 40 ತುಂಬುವವನಿಗೆ ಕಮ್ಯುಟೇಶನ್ ಕೋಷ್ಟಕದಲ್ಲಿರುವ ಅಂಶ 9.090. ಹತ್ತು ಸಾವಿರವನ್ನು 12ರಿಂದ, ಬಂದದ್ದನ್ನು 9.090ರಿಂದ ಗುಣಿಸಿದರೆ 10,90,800. ಕೈಗೆ ಬಂದದ್ದು ಇಷ್ಟು. 15 ವರ್ಷದಲ್ಲಿ ಕಡಿತವಾಗುವುದು 18 ಲಕ್ಷ. ಯಾವ ಇಎಂಐ ಕ್ಯಾಲ್ಕುಲೇಟರಿಗಾದರೂ ಹಾಕಿ ನೋಡಿ: 10,90,800 ಸಾಲಕ್ಕೆ 180 ಕಂತು, ಕಂತಿಗೆ 10,000 ಬರಬೇಕಾದರೆ ಬಡ್ಡಿ ಶೇ 7.3ರ ಹತ್ತಿರ ಇರಬೇಕು. ಇನ್ನೂ ಸುಲಭವಾಗಿ ಹೇಳುವುದಾದರೆ, ಈ ವಯಸ್ಸಿನಲ್ಲಿ ತೆಗೆದುಕೊಂಡ ಒಂದೊಂದು ಲಕ್ಷಕ್ಕೂ ತಿಂಗಳಿಗೆ 917 ರೂಪಾಯಿಯಂತೆ 15 ವರ್ಷ ಬಿಟ್ಟುಕೊಡಬೇಕು.

ಈ 917 ಎಂಬ ಅಳತೆ ಹಿಡಿದು ಅಣ್ಣನ ದುಡ್ಡು ಎಲ್ಲೆಲ್ಲಿ ಹೋಯಿತು ನೋಡಿ. ಅಪ್ಪನ ಬೋರ್‌ವೆಲ್ ಮತ್ತು ಆಸ್ಪತ್ರೆಯ ಕೈಸಾಲ 4 ಲಕ್ಷ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ಬಡ್ಡಿಯೊಂದೇ ತಿಂಗಳಿಗೆ 8,000. ಅಸಲು ಇದ್ದಲ್ಲೇ ಇತ್ತು. ಅದನ್ನು ಪಿಂಚಣಿ ಮಾರಿ ತೀರಿಸಿದ್ದಕ್ಕೆ ತಿಂಗಳಿಗೆ 3,668, ಅದೂ ಅಸಲು ಸೇರಿ. ಇದಕ್ಕಿಂತ ಒಳ್ಳೆಯ ದಾರಿ ಆ ಮನೆಗೆ ಇರಲಿಲ್ಲ. ಕಿರಿಯ ತಂಗಿಯ ಮದುವೆಗೆ ಮೂರೂವರೆ ಲಕ್ಷ, ಅಂದರೆ 3,210. ಮದುವೆಗೆ ಅಷ್ಟು ಬೇಕಿತ್ತೇ ಎಂಬುದು ಬೇರೆ ಮಾತು.

ಉಳಿದ 3,40,000ದ ಕಥೆಗೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಜಮಾ ಆದ ವಾರದಲ್ಲೇ ಬ್ಯಾಂಕಿನವರು ಕರೆದು ಕೂರಿಸಿ, ಚಹಾ ಕೊಟ್ಟು, ವರ್ಷಕ್ಕೆ ಲಕ್ಷದ ಎಂಡೋಮೆಂಟ್ ಪಾಲಿಸಿಗೆ ಸಹಿ ಹಾಕಿಸಿಕೊಂಡರು. 'ಎಫ್‌ಡಿ ಇದ್ದಂಗ ಸರ್' ಎಂದರಂತೆ. ಎಫ್‌ಡಿಗೆ ವರ್ಷವರ್ಷ ಕಂತು ಯಾಕೆ? ಇಂಥ ಪಾಲಿಸಿಗಳು ಪೂರ್ತಿ ಅವಧಿ ಕಟ್ಟಿದರೂ ಶೇ 5-6ರ ಆಚೆ ಕೊಡುವುದು ಅಪರೂಪ. ಶೇ 7.3ಕ್ಕೆ ತಂದ ದುಡ್ಡನ್ನು ಅಲ್ಲಿ ಹಾಕಿಸುವುದು ಸಲಹೆಯೇ? ಮೂರು ಕಂತು ಕಟ್ಟಿ ನಾಲ್ಕನೆಯದಕ್ಕೆ ದುಡ್ಡಿಲ್ಲದೆ ಸರೆಂಡರ್ ಮಾಡಿದಾಗ ಕಟ್ಟಿದ್ದರ ಅರ್ಧವೂ ಕೈಗೆ ಬರಲಿಲ್ಲ. ಆ ದುಡ್ಡಿಗಾಗಿ ಕಡಿತವಾಗುವ 3,118 ಮಾತ್ರ 2033ರವರೆಗೆ ನಿಲ್ಲುವುದಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಸೈನ್ಯದಿಂದ ಬಂದವರಿಗೆ 50ಕ್ಕೇ ತೆರೆಯುತ್ತದೆ, ಆದರೆ 39ಕ್ಕೆ ಅದೂ ಇಲ್ಲ. ಅಷ್ಟು ದುಡ್ಡನ್ನು ಮಾರದೆಯೇ ಬಿಟ್ಟಿದ್ದರೆ ಸಾಕಿತ್ತು. ಶೇ 50 ಎನ್ನುವುದು ಮಿತಿ. ಶೇ 35 ಎಂದು ಬರೆದರೂ ನಡೆಯುತ್ತದೆ.

ಕಮ್ಯುಟೇಶನ್ನೇ ಮೋಸ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ತುಟ್ಟಿಭತ್ಯೆ ಪೂರ್ತಿ 20,000ದ ಮೇಲೇ ಬರುತ್ತದೆ. ಬಂದ ಗಂಟಿಗೆ ತೆರಿಗೆಯಿಲ್ಲ. 15 ವರ್ಷದೊಳಗೆ ಅವನಿಗೇನಾದರೂ ಆದರೆ ಉಳಿದ ಕಡಿತವನ್ನು ಹೆಂಡತಿಯ ಕುಟುಂಬ ಪಿಂಚಣಿಯಲ್ಲಿ ಮುರಿದುಕೊಳ್ಳುವುದಿಲ್ಲ. ಅಂಥ ಸಾಲ ಯಾವ ಬ್ಯಾಂಕೂ ಕೊಡದು.

ನನ್ನ ತಕರಾರು ನಮ್ಮಂಥ ಮನೆಗಳ ರೂಢಿಯ ಬಗ್ಗೆ. ಫೌಜಿನಲ್ಲಿರುವ ಮಗ ಎಂದರೆ ತೀರದ ಉಗ್ರಾಣ ಎಂದುಕೊಳ್ಳುತ್ತೇವೆ. ರಜೆಗೆ ಬಂದಾಗ ಕೇಳುತ್ತೇವೆ, ಪಿಂಚಣಿಗೆ ಬಂದಾಗಲೂ ಕೇಳುತ್ತೇವೆ. ಅವನ ಎಜಿಐ (ಸೇನೆಯ ಗುಂಪು ವಿಮೆ) ಎಷ್ಟು, ಫಂಡಿನಲ್ಲಿ ಏನು ಉಳಿದಿದೆ, ಪಿಂಚಣಿ ಪೋರ್ಟಲ್ ಸ್ಪರ್ಶ್‌ನಲ್ಲಿ ಅತ್ತಿಗೆಯ ಹೆಸರು, ಹುಟ್ಟಿದ ದಿನ ಸರಿಯಾಗಿದೆಯೇ ಎಂದು ಒಬ್ಬರೂ ವಿಚಾರಿಸುವುದಿಲ್ಲ. ಅವನ ದುಡ್ಡಿನಲ್ಲಿ ಉಳಿದ ಹೊಲದ ಪಹಣಿಯಲ್ಲಿ ಅವನ ಹೆಸರೇ ಇಲ್ಲದ ಎಷ್ಟೋ ಮನೆಗಳನ್ನು ನಾನು ಬಲ್ಲೆ. ಕೇಳಲು ಫೌಜಿನವರಿಗೆ ಸಂಕೋಚ. ನಾವಾದರೂ ಮುಂದೆ ನಿಂತು ಮಾಡಿಸಬೇಕಲ್ಲವೇ?

ಈ ವರ್ಷ ನಿಮ್ಮ ಮನೆಗೆ ಪಿಂಚಣಿಗೆ ಬರುವವರಿದ್ದರೆ, ಫಾರ್ಮು ತುಂಬುವ ಮೊದಲು ಒಂದು ಹಾಳೆಯಲ್ಲಿ ಮನೆಯ ಸಾಲಗಳನ್ನೂ ಒಂದೊಂದರ ಬಡ್ಡಿಯನ್ನೂ ಬರೆಯಿರಿ. ಅವರ ಹೆಂಡತಿಯೂ ಎದುರಿಗಿರಲಿ. ಶೇ 7.3ಕ್ಕಿಂತ ದುಬಾರಿ ಸಾಲಕ್ಕೆ ಎಷ್ಟು ಬೇಕೋ ಅಷ್ಟನ್ನೇ ಮಾರಲಿ. ಉಳಿದದ್ದು ನಿಮ್ಮದು, ಇಟ್ಟುಕೊಳ್ಳಿ ಎಂದು ನೀವೇ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದಿಲ್ಲ.